ಉಟ್ಟ ಬಟ್ಟೆಯ ದಿನದ ಲೆಕ್ಕ

ದಿನಕ್ಕೊಂದು ಉಡುಪಿನ ಚಿತ್ರ ಬರೆಯುವ ಅಭ್ಯಾಸ ನಮ್ಮ ದೇಹ, ದುಡ್ಡು ಮತ್ತು ಬಟ್ಟೆಯನ್ನು ನೇಯ್ದ ಕೈಗಳ ಬಗ್ಗೆ ಏನು ಹೇಳಿಕೊಡುತ್ತದೆ?

ಐನೂರು ವರ್ಷಗಳ ಹಿಂದೆ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಮಥೇಯಸ್ ಶ್ವಾರ್ಟ್ಸ್ ಎಂಬ ಲೆಕ್ಕಿಗನಿದ್ದ. ಯುರೋಪಿನ ಆಗಿನ ಅತಿ ಶ್ರೀಮಂತ ವ್ಯಾಪಾರಿ ಮನೆತನಗಳಲ್ಲಿ ಒಂದಾದ ಫುಗ್ಗರ್ ಕುಟುಂಬದ ಲೆಕ್ಕಪತ್ರಗಳು ಅವನ ಕೈಯಲ್ಲಿದ್ದವು. ವೆನಿಸ್‌ಗೆ ಹೋಗಿ ಜೋಡಿ ನಮೂದು ಪದ್ಧತಿಯ ಲೆಕ್ಕ ಕಲಿತು ಬಂದು, ಆ ವಿದ್ಯೆಯ ಮೇಲೆ ಬರವಣಿಗೆಯನ್ನೂ ಮಾಡಿದ್ದವನು. 1520ರ ಫೆಬ್ರುವರಿ 20ರಂದು, ತನಗೆ ಇಪ್ಪತ್ಮೂರು ತುಂಬಿದ ದಿನ, ಅವನು ಇನ್ನೊಂದು ಲೆಕ್ಕದ ಪುಸ್ತಕ ತೆರೆದ. ಅದು ಬಟ್ಟೆಯ ಲೆಕ್ಕ. ತಾನು ಉಟ್ಟಿದ್ದನ್ನೆಲ್ಲ ಚಿತ್ರದಲ್ಲಿ ಹಿಡಿದಿಡಬೇಕೆಂದು ನಾರ್ಟ್ಸಿಸ್ ರೆನ್ನರ್ ಎಂಬ ಯುವ ಚಿತ್ರಕಾರನನ್ನು ಗೊತ್ತುಮಾಡಿಕೊಂಡ. ಊರಿನ ಹಿರಿಯರು ತಾವು ಮೂವತ್ತು, ನಲವತ್ತು, ಐವತ್ತು ವರ್ಷಗಳ ಹಿಂದೆ ತೊಟ್ಟಿದ್ದ ಉಡುಪುಗಳ ಚಿತ್ರ ತೋರಿಸಿದಾಗ ಅವನಿಗೆ ಬೆರಗಾಗಿತ್ತಂತೆ. ತನ್ನ ಬಟ್ಟೆಗಳೂ ಮುಂದೊಂದು ದಿನ ಹಾಗೆಯೇ ಕಾಣಬಹುದು ಎಂಬ ಕುತೂಹಲದಿಂದ ಶುರುವಾದ ಕೆಲಸ ನಲವತ್ತು ವರ್ಷ ನಡೆಯಿತು.

ಒಟ್ಟು 137 ಜಲವರ್ಣ ಚಿತ್ರಗಳು. ಹೆತ್ತವರನ್ನು ಕೇಳಿ ತಿಳಿದುಕೊಂಡು, ತಾಯಿಯ ಗರ್ಭದಿಂದ ಹಿಡಿದು ಬಾಣಂತಿ ಕೋಣೆಯ ಸುತ್ತುಬಟ್ಟೆ, ಶಾಲೆಯ ದಿನಗಳ ಉಡುಪಿನವರೆಗೆ ಹಿಂದಿನದನ್ನೂ ಅವನು ಬರೆಸಿದ. ಯೌವನದ ಒಂದು ಬಿಳಿ ಮೇಲಂಗಿಯ ಪಕ್ಕದಲ್ಲಿ ಅದರಲ್ಲಿ ಅಲಂಕಾರದ 4,800 ಸೀಳುಗಳಿವೆ ಎಂದು ನಮೂದಿಸಿದ. ಲೆಕ್ಕಿಗನ ಕಣ್ಣು ಅಲ್ಲೂ ಸುಮ್ಮನಿರಲಿಲ್ಲ! 1526ರ ಜುಲೈನಲ್ಲಿ ಮಾತ್ರ ಮೈಮೇಲೆ ಎಳೆ ಬಟ್ಟೆಯೂ ಇಲ್ಲದೆ, ಮುಂದಿನಿಂದ ಒಂದು, ಹಿಂದಿನಿಂದ ಒಂದು ಚಿತ್ರ ಬರೆಸಿಕೊಂಡು, ತಾನು ದಪ್ಪಗಾಗಿದ್ದೇನೆ ಎಂದು ಟಿಪ್ಪಣಿ ಹಾಕಿದ. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಔಗ್ಸ್‌ಬರ್ಗ್‌ನಲ್ಲಿ ಸಾಮ್ರಾಜ್ಯದ ಸಭೆ ಸೇರಿಸಿದಾಗ ಕೆಂಪು ಹಳದಿಯ ಉಡುಪಿನಲ್ಲಿ ತೆಳ್ಳಗಾಗಿ ಮಿಂಚಿದ. 1547ರಲ್ಲಿ ಪಾರ್ಶ್ವವಾಯು ಬಡಿಯಿತು. ಬರಬರುತ್ತ ಚಿತ್ರಗಳು ವಿರಳವಾದವು, ಬಣ್ಣಗಳು ಮಂಕಾದವು. ಕೊನೆಯ ಚಿತ್ರ 1560ರ ಸೆಪ್ಟೆಂಬರಿನದು. ಧಣಿ ಆಂಟನ್ ಫುಗ್ಗರ್ ತೀರಿಕೊಂಡಾಗ ತೊಟ್ಟ ಶೋಕದ ಕಪ್ಪು ಉಡುಪಿನಲ್ಲಿ ಅರವತ್ಮೂರರ ಮುದುಕ ನಿಂತಿದ್ದಾನೆ.

ಈ ಪುಸ್ತಕ ಈಗ ಜರ್ಮನಿಯ ಬ್ರೌನ್‌ಶ್ವೈಗ್‌ನ ವಸ್ತುಸಂಗ್ರಹಾಲಯದಲ್ಲಿದೆ. ಕೇಂಬ್ರಿಜ್‌ನ ಇತಿಹಾಸಕಾರ್ತಿ ಉಲಿಂಕಾ ರುಬ್ಲಾಕ್ ಮತ್ತು ಮರಿಯಾ ಹೇವರ್ಡ್ 2015ರಲ್ಲಿ ಇದನ್ನು ಸಂಪಾದಿಸಿ ಇಂಗ್ಲಿಷಿನಲ್ಲಿ ಹೊರತಂದರು. ವೇಷಭೂಷಣ ತಜ್ಞೆ ಜೆನಿ ತಿರಮಾನಿ 1530ರ ಆ ಕೆಂಪು ಹಳದಿ ಉಡುಪನ್ನು ಚಿತ್ರ ನೋಡಿಯೇ ಮರಳಿ ಹೊಲಿದರು. ಒಬ್ಬ ಗುಮಾಸ್ತೆ ತನ್ನ ಸಂತೋಷಕ್ಕೆ ಇಟ್ಟುಕೊಂಡ ಲೆಕ್ಕದಿಂದ ಒಂದು ಊರಿನ ದರ್ಜಿಗಳ ಕೈಚಳಕ, ಬಣ್ಣಗಾರರ ರಸವಿದ್ಯೆ, ಯಾರು ಏನು ತೊಡಬಹುದೆಂದು ಕಟ್ಟಳೆ ಹಾಕುತ್ತಿದ್ದ ಕಾನೂನು, ಆ ಕಟ್ಟಳೆಯ ಅಂಚಿನಲ್ಲಿ ನಿಂತು ಮೇಲಕ್ಕೆ ಏರಲು ಹವಣಿಸಿದ ಒಬ್ಬ ಮನುಷ್ಯನ ಆಸೆ, ಎಲ್ಲವೂ ಹೊರಬಿದ್ದವು. ಮಗ ವೈಟ್ ಕೊನ್ರಾಡ್ ಕೂಡ ಅಪ್ಪನ ದಾರಿ ಹಿಡಿದು ಇಂಥದೇ ಪುಸ್ತಕ ಶುರು ಮಾಡಿದ, ಆದರೆ 41 ಚಿತ್ರಗಳಿಗೇ ನಿಲ್ಲಿಸಿಬಿಟ್ಟ.

ಉಟ್ಟ ಬಟ್ಟೆಯ ಚಿತ್ರವನ್ನು ದಿನವೂ ಬರೆದಿಡುವುದು ನಮ್ಮ ಬಗ್ಗೆ ನಾವು ಇಡಬಹುದಾದ ಅತ್ಯಂತ ಪ್ರಾಮಾಣಿಕ ಲೆಕ್ಕಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ. ದಿನಚರಿಯಲ್ಲಿ ಮನಸ್ಸು ತನಗೆ ಬೇಕಾದ್ದನ್ನು ಬರೆದುಕೊಳ್ಳುತ್ತದೆ. ಬಟ್ಟೆ ಹಾಗಲ್ಲ. ಮೈ ಬೆಳೆದದ್ದು, ಸೊರಗಿದ್ದು, ಕೈಯಲ್ಲಿ ಕಾಸು ಓಡಾಡಿದ್ದು, ಬತ್ತಿದ್ದು, ಊರು ಬಿಟ್ಟದ್ದು, ಯಾರನ್ನೋ ಕಳೆದುಕೊಂಡದ್ದು, ಎಲ್ಲಕ್ಕೂ ಅದು ಸಾಕ್ಷಿ. ಚಿತ್ರ ಬರೆಯುವವರು ಆ ಸಾಕ್ಷಿಯ ಹೇಳಿಕೆಯನ್ನು ದಾಖಲಿಸಿಕೊಳ್ಳುತ್ತಾರೆ, ಅಷ್ಟೇ.

ಪೆನ್ನು ನಮ್ಮ ಕೈಗೇ ಬಂದಾಗ

ಶ್ವಾರ್ಟ್ಸ್‌ಗೆ ಕಲಾವಿದನನ್ನು ಇಟ್ಟುಕೊಳ್ಳುವ ಅನುಕೂಲವಿತ್ತು. ನಮ್ಮ ಕಾಲದಲ್ಲಿ ಈ ಕೆಲಸಕ್ಕೆ ಇಳಿದವರು ಪೆನ್ನನ್ನು ತಾವೇ ಹಿಡಿದರು. ಇಂಗ್ಲೆಂಡಿನ ಚಿತ್ರಕಾರ್ತಿ ಜೆಮ್ಮಾ ಕೊರೆಲ್ 2010ರ ಆಸುಪಾಸಿನಲ್ಲಿ ‘ಇವತ್ತು ನಾನು ತೊಟ್ಟಿದ್ದು’ ಎಂಬ ಸರಳ ಶೀರ್ಷಿಕೆಯಡಿ ತಮ್ಮ ಉಡುಪುಗಳನ್ನು ಬರೆಯತೊಡಗಿದರು. ಪುಟ್ಟ ಆಕೃತಿ, ಅದರ ಸುತ್ತ ಬಾಣದ ಗುರುತು ಹಾಕಿ ಕೈಬರಹದ ಟಿಪ್ಪಣಿ. ಅದನ್ನು ಕಂಡ ಎಷ್ಟೋ ಮಂದಿ ಅದೇ ಕ್ರಮದಲ್ಲಿ ತಮ್ಮ ಬಟ್ಟೆಗಳನ್ನೂ ಬರೆದರು. ಚೆಂದದ ಉಡುಪಿನ ಪ್ರದರ್ಶನಕ್ಕಿಂತ ಮಳೆಗೆ ಒದ್ದೆಯಾದ ಕಾಲುಚೀಲವೂ ಮನೆಯಲ್ಲಿ ತೊಡುವ ಸಡಿಲ ಪೈಜಾಮವೂ ಚಿತ್ರಕ್ಕೆ ಯೋಗ್ಯ ಎಂಬ ಧೈರ್ಯ ಅವರೆಲ್ಲರನ್ನೂ ಸೆಳೆಯಿತು.

ಅಮೆರಿಕದ ಕೇಟ್ ಬಿಂಗಮನ್-ಬರ್ಟ್ ಹಿಡಿದದ್ದು ದುಡ್ಡಿನ ಎಳೆ. ಕ್ರೆಡಿಟ್ ಕಾರ್ಡ್ ಸಾಲದಲ್ಲಿದ್ದ ಅವರು ಬ್ಯಾಂಕಿನಿಂದ ಬಂದ ಬಿಲ್ಲುಗಳನ್ನೇ ಸಾಲು ಸಾಲಾಗಿ, ಅಂಕಿ ಅಂಕಿಯಾಗಿ ಕೈಯಲ್ಲಿ ಬರೆಯುತ್ತ ಹೋದರು. ಸಾಲ ತೀರುವವರೆಗೂ ಬರೆಯುವುದು ಎಂದು ತಮಗೆ ತಾವೇ ಕಟ್ಟು ಹಾಕಿಕೊಂಡಿದ್ದರು. ಇದರ ಜೊತೆಗೇ 2006ರ ಫೆಬ್ರುವರಿಯಿಂದ ದಿನಕ್ಕೊಂದರಂತೆ ತಾವು ಕೊಂಡ ವಸ್ತುವಿನ ಚಿತ್ರ ಬರೆಯತೊಡಗಿದರು. ಆ ಚಿತ್ರಗಳು 2010ರಲ್ಲಿ ಪುಸ್ತಕವಾದವು. ಕೈಯಾರೆ ಬರೆದ ಖರ್ಚು ಎಷ್ಟು ಆಳಕ್ಕೆ ಇಳಿಯುತ್ತದೆಂದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೆನಡಾದ ಸಾರಾ ಲಜರೋವಿಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ವರ್ಷ ಬಟ್ಟೆಬರೆ ಕೊಳ್ಳುವುದನ್ನು ನಿಲ್ಲಿಸಿ, ಆಸೆಪಟ್ಟ ಪ್ರತಿಯೊಂದನ್ನೂ ಕುಂಚದಲ್ಲಿ ಬರೆದರು. ಕೊಳ್ಳದೇ ಬಿಟ್ಟ ಚೆಂದದ ವಸ್ತುಗಳ ಆ ಪುಸ್ತಕ 2014ರಲ್ಲಿ ಬಂತು. ಅವರ ಒಂದು ಪಿರಮಿಡ್ ಚಿತ್ರ ಬಹಳ ಹೆಸರಾಯಿತು: ತಳದಲ್ಲಿ, ಎಲ್ಲಕ್ಕಿಂತ ಅಗಲವಾಗಿ ‘ಇರುವುದನ್ನು ಬಳಸು’. ಅದರ ಮೇಲೆ ಕ್ರಮವಾಗಿ ಎರವಲು, ಅದಲುಬದಲು, ಹಳೆಯದರ ಖರೀದಿ, ಸ್ವಂತ ತಯಾರಿ. ತುದಿಯ ಚಿಕ್ಕ ಮೂಲೆಯಲ್ಲಷ್ಟೇ ‘ಹೊಸದು ಕೊಳ್ಳು’. ಒಂದು ಕೋಟನ್ನು ಗಂಟೆಗಟ್ಟಲೆ ನೋಡಿ, ಅದರ ಗುಂಡಿ, ಕಾಲರು, ಬಣ್ಣವನ್ನೆಲ್ಲ ಕಾಗದಕ್ಕೆ ಇಳಿಸುವ ಹೊತ್ತಿಗೆ ಆಸೆಯ ಬಿಸಿ ಆರಿರುತ್ತದೆ. ಕೋಟು ಬೇಕೇ ಬೇಡವೇ ಎಂದು ಆಮೇಲೆ ತಣ್ಣಗೆ ಯೋಚಿಸಬಹುದು.

ಫೋಟೊ ಸಾಲದೇ?

ಜೇಬಿನಲ್ಲಿ ಕ್ಯಾಮೆರಾ ಇರುವಾಗ ಚಿತ್ರವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಫೋಟೊ ಕ್ಷಣದಲ್ಲಿ ಎಲ್ಲವನ್ನೂ ಹಿಡಿದುಬಿಡುತ್ತದೆ. ಹಾಗಾಗಿ ನಾವು ಏನನ್ನೂ ನೋಡಬೇಕಾಗುವುದಿಲ್ಲ. ಚಿತ್ರದಲ್ಲಿ ಒಂದೊಂದು ಗೆರೆಗೂ ಒಂದು ತೀರ್ಮಾನ ಬೇಕು: ತೋಳು ಎಲ್ಲಿ ಸೇರುತ್ತದೆ, ಜೇಬಿನ ಅಂಚು ನೇರವೋ ಓರೆಯೋ, ಪಟ್ಟೆ ಹೊಲಿಗೆಯ ಬಳಿ ಮುರಿಯುತ್ತದೆಯೋ ಮುಂದುವರಿಯುತ್ತದೆಯೋ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದಗಳನ್ನು ಬರೆದುಕೊಂಡದ್ದಕ್ಕಿಂತ ಅವುಗಳ ಚಿತ್ರ ಬಿಡಿಸಿದಾಗ ಜನರಿಗೆ ಹೆಚ್ಚು ನೆನಪಿತ್ತು. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದು ಆ ಲಾಭಕ್ಕೆ ಅಡ್ಡಬರಲಿಲ್ಲ. ‘ನನಗೆ ಡ್ರಾಯಿಂಗ್ ಬರಲ್ಲ’ ಎಂದು ಹಿಂದೆ ಸರಿಯುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ನೋಡಲು ತೊಡಗಿದ ಮೇಲೆ ಬಟ್ಟೆ ಮೊದಲು ಕಲಿಸುವುದು ನಿರಿಗೆಯನ್ನು. ಬಟ್ಟೆ ಎಲ್ಲಿಂದ ತೂಗುತ್ತದೋ ಅಲ್ಲಿಂದಲೇ ನಿರಿಗೆ ಹುಟ್ಟುತ್ತದೆ. ಒಂದೇ ಮೊಳೆಗೆ ನೇತು ಹಾಕಿದ ಟವಲಿನಲ್ಲಿ ಮಡಿಕೆಗಳು ಆ ಬಿಂದುವಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುತ್ತವೆ. ಎರಡು ಕಡೆ ಹಿಡಿದರೆ ನಡುವೆ ಜೋಲಿಯಂತೆ ಬಾಗುತ್ತವೆ. ಮೊಣಕೈ ಮಡಚಿದಾಗ ಒಳಮಗ್ಗುಲಲ್ಲಿ ಬಟ್ಟೆ ಅಂಕುಡೊಂಕಾಗಿ ಸೇರಿಕೊಳ್ಳುತ್ತದೆ, ಹೊರಮಗ್ಗುಲಲ್ಲಿ ಬಿಗಿಯುತ್ತದೆ. ಸೀರೆಯ ನೆರಿಗೆ ಸೊಂಟದಲ್ಲಿ ಸಿಕ್ಕಿಸಿದ ಜಾಗದಿಂದ ಕೊಳವೆಗಳ ಹಾಗೆ ಇಳಿಯುತ್ತದೆ, ಸೆರಗು ಹೆಗಲಿನಿಂದ ಓರೆಯಾಗಿ ಮೈಯನ್ನು ಬಳಸುತ್ತದೆ. ಲಿಯೊನಾರ್ಡೊ ದ ವಿಂಚಿ ಯುವಕನಾಗಿದ್ದಾಗ ಮಣ್ಣಿನ ಗೊಂಬೆಗಳಿಗೆ ಒದ್ದೆ ಬಟ್ಟೆ ಹೊದಿಸಿ, ಆ ನಿರಿಗೆಗಳನ್ನು ನವಿರು ಲಿನನ್ ಮೇಲೆ ತಾಳ್ಮೆಯಿಂದ ಬರೆಯುತ್ತಿದ್ದ ಎಂದು ಅವನ ಜೀವನಚರಿತ್ರೆ ಬರೆದ ವಸಾರಿ ಹೇಳುತ್ತಾನೆ. ಅಂಥ ಮಹಾ ಕಲಾವಿದನೂ ಅಭ್ಯಾಸಕ್ಕೆ ಆರಿಸಿಕೊಂಡದ್ದು ಬಟ್ಟೆಯನ್ನು.

ನಿರಿಗೆಯ ಒಳಗೆ ಇನ್ನೊಂದು ಲೋಕವಿದೆ, ಅದು ಎಳೆಗಳದ್ದು. ಜೀನ್ಸ್ ಬಟ್ಟೆಯನ್ನು ಹತ್ತಿರದಿಂದ ಬರೆಯಲು ಹೋದರೆ ಓರೆ ಗೆರೆಗಳು ಕಾಣುತ್ತವೆ. ಹಾಸಿನ ನೀಲಿ ಎಳೆಗಳು ಹೊಕ್ಕಿನ ಬಿಳಿ ಎಳೆಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹಾಯುವುದರಿಂದ ಮೂಡುವ ಗೆರೆಗಳವು. ನೀಲಿ ಬಣ್ಣ ನೂಲಿನ ಹೊರಮೈಯಲ್ಲೇ ಹೆಚ್ಚಾಗಿ ಕೂತಿರುತ್ತದೆ, ಒಳತಿರುಳಿಗೆ ಪೂರ್ತಿ ಇಳಿಯುವುದಿಲ್ಲ. ಆದ್ದರಿಂದ ಉಜ್ಜಿದ ಕಡೆಯಲ್ಲೆಲ್ಲ ಬಿಳಿ ಹೊರಬರುತ್ತದೆ: ಮಂಡಿ, ಜೇಬಿನ ಬಾಯಿ, ಫೋನ್ ಇಟ್ಟುಕೊಳ್ಳುವ ಜಾಗ. ಜೀನ್ಸಿನ ಚಿತ್ರ ಬರೆಯುವವರು ತಾವು ಹೇಗೆ ಕೂರುತ್ತೇವೆ, ಎಲ್ಲಿ ಕೈ ಇಡುತ್ತೇವೆ ಎಂಬುದರ ನಕ್ಷೆಯನ್ನೇ ಬರೆಯುತ್ತಿರುತ್ತಾರೆ. ಟಿ-ಶರ್ಟಿನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಅದು ಕುಣಿಕೆಗೆ ಕುಣಿಕೆ ಸೇರಿಸಿ ಹೆಣೆದ ಬಟ್ಟೆ. ಅದಕ್ಕೇ ಎಳೆದರೆ ಹಿಗ್ಗುತ್ತದೆ, ಕತ್ತರಿಸಿದರೆ ಅಂಚು ಸುರುಳಿ ಸುತ್ತುತ್ತದೆ.

ನಮ್ಮ ಬೀರುವಿನ ಪಾಠಗಳು

ಕರ್ನಾಟಕದ ಮನೆಗಳಲ್ಲಿ ಈ ಕೆಲಸಕ್ಕೆ ಕೂತವರಿಗೆ ಬೀರುವೇ ಪಾಠಶಾಲೆ. ಇಳಕಲ್ಲ ಸೀರೆಯನ್ನು ತೆಗೆದುಕೊಳ್ಳಿ. ಸೆರಗು ಎಲ್ಲಿ ಶುರುವಾಗುತ್ತದೆಂದು ಪೆನ್ಸಿಲ್ ಹಿಡಿದು ಹುಡುಕಿದರೆ ಒಂದು ಗಡಿ ಸಿಗುತ್ತದೆ. ಮೈಯ ಹಾಸು ಮತ್ತು ಸೆರಗಿನ ರೇಷ್ಮೆ ಹಾಸು ಬೇರೆ ಬೇರೆ. ನೇಕಾರರು ಆ ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಇಷ್ಟು ದಿನ ಉಟ್ಟರೂ ಕಾಣದ ಆ ಕೊಂಡಿ, ಚಿತ್ರ ಬರೆಯುವ ದಿನ ಕಣ್ಣಿಗೆ ಬೀಳುತ್ತದೆ. ಸೆರಗಿನ ಕೆಂಪಿನ ಮೇಲೆ ಬಿಳಿಯಲ್ಲಿ ಬರುವ ಟೋಪ್ ತೆನಿ ವಿನ್ಯಾಸವನ್ನು, ದಡದ ಚಿಕ್ಕಿ ಪರಾಸ್ ವಿನ್ಯಾಸವನ್ನು ಬಿಡಿಸಲು ಹೊರಟರೆ ಅವನ್ನು ಮಗ್ಗದ ಮೇಲೆ ಮೂಡಿಸಿದವರ ಲೆಕ್ಕಾಚಾರ ಅರ್ಥವಾಗತೊಡಗುತ್ತದೆ.

ಧಾರವಾಡ ಸೀಮೆಯ ಕಸೂತಿ ಇನ್ನೂ ಕಠಿಣ ಗುರು. ಕಸೂತಿ ಹಾಕುವ ಹೆಂಗಸರು ಬಟ್ಟೆಯ ಮೇಲೆ ಮೊದಲೇ ಗುರುತು ಮಾಡಿಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಎಣಿಸಿದಷ್ಟು ಎಳೆ ಬಿಟ್ಟು ಅಷ್ಟೇ ಎಳೆ ಹಿಡಿದು ಮುಂದೆ ಹೋಗಿ, ಬಂದ ದಾರಿಯಲ್ಲೇ ಹಿಂತಿರುಗುತ್ತ ಬಿಟ್ಟ ಜಾಗಗಳನ್ನು ತುಂಬುತ್ತದೆ. ಅದಕ್ಕೇ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಮುರಿಗಿ ಮೆಟ್ಟಿಲಿನಂತೆ ಏರುತ್ತದೆ, ನೇಗಿ ನೇಯ್ಗೆಯನ್ನು ಹೋಲುತ್ತದೆ, ಮೆಂತೆ ಅಡ್ಡ ಹೊಲಿಗೆಯಲ್ಲಿ ತುಂಬಿಕೊಳ್ಳುತ್ತದೆ. ಒಂದು ಗೋಪುರವನ್ನೋ ತೇರನ್ನೋ ಚೌಕಳಿ ಕಾಗದದ ಮೇಲೆ ನಕಲು ಮಾಡಿ ನೋಡಿ: ಅರ್ಧ ಗಂಟೆಯಲ್ಲಿ ಕುತ್ತಿಗೆ ನೋಯುತ್ತದೆ. ಅದನ್ನು ದೀಪದ ಬೆಳಕಿನಲ್ಲಿ ಹೊಲಿದವರ ಮೇಲೆ ಹುಟ್ಟುವ ಗೌರವ ಯಾವ ಭಾಷಣದಿಂದಲೂ ಹುಟ್ಟುವುದಿಲ್ಲ. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಕ್ರೇಪ್ ಸೀರೆಯದು ಇನ್ನೊಂದು ಸವಾಲು. ಬಿಗಿಯಾಗಿ ಹುರಿಮಾಡಿದ ಎಳೆಗಳಿಂದ ಬಂದ ಆ ಜೋಲುವ ಗುಣವನ್ನು ಗೆರೆಯಲ್ಲಿ ತರಬೇಕಾದರೆ ಕೈಯೂ ಸಡಿಲವಾಗಬೇಕು.

ಕೌದಿಯನ್ನು ಮರೆಯಬೇಡಿ. ಹಳೆಯ ಸೀರೆ, ಪಂಚೆ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಉದ್ದಕ್ಕೂ ದಾರ ಓಡಿಸಿದ ಹೊದಿಕೆ ಅದು. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳಂತೂ ನಾಡಿನಾಚೆಗೂ ಹೆಸರಾಗಿವೆ. ಕೌದಿಯನ್ನು ತುಂಡು ತುಂಡಾಗಿ ಬರೆಯುತ್ತ ಹೋದರೆ ಮನೆಯ ಹಳೆಯ ಬಟ್ಟೆಗಳೆಲ್ಲ ಒಂದೊಂದಾಗಿ ಗುರುತು ಹೇಳುತ್ತವೆ. ಪಕ್ಕದಲ್ಲಿ ಹಿರಿಯರನ್ನು ಕೂರಿಸಿಕೊಂಡು ‘ಇದು ಯಾರದ್ದು?’ ಎಂದು ಕೇಳುತ್ತ ಬರೆಯುವುದು ಈ ಇಡೀ ಯೋಜನೆಯ ಅತ್ಯಂತ ಸುಖದ ಕೆಲಸ.

‘ದಿನವೂ’ ಎಂಬ ಷರತ್ತು

ಒಂದು ದಿನ ಬರೆಯುವುದು ಯಾರಿಗೂ ಕಷ್ಟವಲ್ಲ. ದಿನವೂ ಬರೆಯುವುದೇ ಕಷ್ಟ. ಆದರೆ ದಿನವೂ ಚಿತ್ರ ಬರೆಯುವ ಶಿಸ್ತು ನಮ್ಮ ಊರುಗಳಿಗೆ ಹೊಸದಲ್ಲ. ಹೊಸ್ತಿಲಿನ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕುವವರು ಇವತ್ತು ಮನಸ್ಸು ಬರಲಿ ಎಂದು ಕಾಯುವುದಿಲ್ಲ. ಅಂಗಳ ಗುಡಿಸಿ ನೀರು ಹಾಕಿದ ಕೂಡಲೇ ಕೈ ತಾನಾಗಿ ಹಿಟ್ಟಿಗೆ ಹೋಗುತ್ತದೆ. ಒಂದು ಕೆಲಸದ ಬೆನ್ನಿಗೆ ಇನ್ನೊಂದನ್ನು ಕಟ್ಟುವುದರಲ್ಲಿ ಗುಟ್ಟಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಮಧ್ಯಮ ಲೆಕ್ಕದಲ್ಲಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರ ವಿಷಯದಲ್ಲಿ ಅಂದಾಜು 254ಕ್ಕೆ ಏರಿತು. ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಕೆಡಲಿಲ್ಲ ಎಂಬುದು ಆ ಅಧ್ಯಯನದ ದೊಡ್ಡ ಸಮಾಧಾನ. ಹಾಗಾಗಿ ಒಂದು ಪುಟ ಖಾಲಿ ಉಳಿದರೆ ಪುಸ್ತಕ ಮುಚ್ಚಬೇಕಿಲ್ಲ, ಮಾರನೆಯ ದಿನದ ಪುಟ ತೆರೆದರಾಯಿತು.

‘ದಿನವೂ ಒಂದೇ ಬಗೆಯ ಬಟ್ಟೆ ಹಾಕುತ್ತೇನೆ, ಏನನ್ನು ಬರೆಯಲಿ?’ ಎನ್ನುವವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರನ್ನು ನೆನೆಯಬೇಕು. 1951ರಲ್ಲಿ ಪತ್ರಿಕೆಯ ಪುಟಕ್ಕೆ ಬಂದ ಅವರ ‘ಶ್ರೀಸಾಮಾನ್ಯ’ ದಶಕಗಳ ಕಾಲ ಅದೇ ಚೌಕಳಿ ಕೋಟು, ಅದೇ ಧೋತಿಯಲ್ಲೇ ಕಾಣಿಸಿಕೊಂಡ. ಉಡುಪು ಬದಲಾಗದ್ದರಿಂದಲೇ ಅವನ ಸುತ್ತ ಬದಲಾಗುತ್ತಿದ್ದ ದೇಶ ನಮಗೆ ಎದ್ದು ಕಂಡಿತು. ಖಾಕಿ ತೊಡುವ ಬಸ್ ಕಂಡಕ್ಟರ್, ಬಿಳಿ ಉಡುಪಿನ ನರ್ಸ್, ಶಾಲೆಯ ಹುಡುಗಿ, ಕರಿಕೋಟಿನ ವಕೀಲರು, ಇವರೆಲ್ಲರಿಗೂ ಇದೇ ಮಾತು. ಸಮವಸ್ತ್ರ ಬರೆಯುವವರಿಗೆ ಜೇಬಿನ ಶಾಯಿ ಕಲೆ, ಕಾಣೆಯಾದ ಗುಂಡಿ, ಸಂಜೆಯ ಹೊತ್ತಿಗೆ ಬಿದ್ದ ಸುಕ್ಕು, ಇವೇ ದಿನದ ಸುದ್ದಿ.

ಶುರು ಮಾಡುವ ಬಗೆ

ಸಾಮಾನು ಹೆಚ್ಚು ಬೇಡ. ಅಂಗೈಯಗಲದ ಗೆರೆಯಿಲ್ಲದ ನೋಟ್‌ಬುಕ್, ನೀರಿಗೆ ಕದಡದ ಶಾಯಿಯ ಒಂದು ಪೆನ್ನು ಸಾಕು. ಬಣ್ಣ ಬೇಕೆನ್ನುವವರು ಶಾಲೆಯ ಮಕ್ಕಳ ಜಲವರ್ಣದ ಡಬ್ಬಿ ಇಟ್ಟುಕೊಳ್ಳಲಿ. ರಬ್ಬರು ಬೇಡ. ಅಳಿಸುವುದಕ್ಕೆ ಕೂತರೆ ಹತ್ತು ನಿಮಿಷದ ಕೆಲಸ ಗಂಟೆಗೆ ಎಳೆಯುತ್ತದೆ, ಗಂಟೆಯ ಕೆಲಸ ವಾರದಲ್ಲೇ ನಿಲ್ಲುತ್ತದೆ.

ಮೈಮೇಲಿನ ಬಟ್ಟೆಯನ್ನು ಕನ್ನಡಿಯಲ್ಲಿ ನೋಡಿ ಬರೆಯುವುದು ಕಷ್ಟ. ರಾತ್ರಿ ಬಟ್ಟೆ ಬದಲಿಸಿದ ಮೇಲೆ ಅದನ್ನು ಗೂಟಕ್ಕೋ ಕುರ್ಚಿಯ ಬೆನ್ನಿಗೋ ಹಾಕಿ, ಒಗೆಯುವ ಬುಟ್ಟಿಗೆ ಹೋಗುವ ಮೊದಲು ಬರೆಯುವುದು ಸುಲಭ. ದಿನವಿಡೀ ಮೈ ಕೊಟ್ಟ ಆಕಾರ ಆಗ ಇನ್ನೂ ಅದರಲ್ಲಿ ಉಳಿದಿರುತ್ತದೆ. ಇಡೀ ಉಡುಪೇ ಬೇಕೆಂದಿಲ್ಲ, ಒಂದು ದಿನ ಕಾಲರು, ಒಂದು ದಿನ ಚಪ್ಪಲಿಯ ಉಂಗುಷ್ಠ, ಒಂದು ದಿನ ಸೆರಗಿನ ಕುಚ್ಚು ಸಾಕು. ಕೈ ಬಿಗಿಯಾಗಿದ್ದರೆ ಕಾಗದವನ್ನು ನೋಡದೆ, ಕಣ್ಣನ್ನು ಬಟ್ಟೆಯ ಅಂಚಿನ ಮೇಲೇ ಇಟ್ಟು, ಕಣ್ಣು ಸರಿದಂತೆ ಪೆನ್ನು ಸರಿಸಿ. ಅಮೆರಿಕದ ಕಲಾಶಿಕ್ಷಕ ಕಿಮೊನ್ ನಿಕೊಲೈಡಿಸ್ ಅವರ 1941ರ ಪಠ್ಯದಿಂದ ಜನಪ್ರಿಯವಾದ ಕ್ರಮ ಇದು. ಗೆರೆ ಸೊಟ್ಟಗಾದರೂ ಅದರಲ್ಲಿ ಜೀವ ಇರುತ್ತದೆ.

ಚಿತ್ರದ ಪಕ್ಕದ ಟಿಪ್ಪಣಿ ಚಿತ್ರದಷ್ಟೇ ಮುಖ್ಯ. ತಾರೀಖು, ಹವೆ, ಎಲ್ಲಿಗೆ ಹೋಗಿದ್ದೆ. ಬಟ್ಟೆ ಕೊಂಡದ್ದೋ, ಉಡುಗೊರೆಯೋ, ಅಕ್ಕನಿಂದ ಬಂದದ್ದೋ. ಹೊಲಿದ ದರ್ಜಿ ಯಾರು, ಬೆಲೆ ಎಷ್ಟು, ಎಷ್ಟನೇ ವರ್ಷ, ಎಲ್ಲಿ ತೇಪೆ ಬಿದ್ದಿದೆ. ಹೊಲಿಗೆಯ ಒಳಗೆ ದರ್ಜಿ ಮಡಚಿ ಬಿಟ್ಟಿರುವ ಹೆಚ್ಚುವರಿ ಬಟ್ಟೆಯನ್ನೂ ಬರೆಯಿರಿ. ಈ ಮೈ ಮುಂದೆ ಬೆಳೆಯಬಹುದು ಎಂದು ಒಬ್ಬ ಅಪರಿಚಿತ ಮಾಡಿಟ್ಟ ಮುಂದಾಲೋಚನೆ ಅದು. ಸಿದ್ಧ ಉಡುಪಿನ ಅಂಗಡಿಗಳ ಎಷ್ಟೋ ಅಂಗಿಗಳಲ್ಲಿ ಆ ಅರ್ಧ ಇಂಚಿನ ಔದಾರ್ಯ ಇಲ್ಲ.

ವರ್ಷದ ಕೊನೆಯ ತಾಳೆ

ಲೆಕ್ಕವಿಟ್ಟವರು ವರ್ಷದ ಕೊನೆಗೆ ತಾಳೆ ನೋಡುತ್ತಾರೆ. ಈ ಪುಸ್ತಕಕ್ಕೂ ಅದು ಬೇಕು. ಒಂದು ವರ್ಷವಾದ ಮೇಲೆ ಮೊದಲ ಪುಟದಿಂದ ತಿರುವಿ ಹಾಕಿ, ಯಾವ ಅಂಗಿ ಮತ್ತೆ ಮತ್ತೆ ಬಂದಿದೆ, ಯಾವುದು ಒಮ್ಮೆಯೂ ಬಂದಿಲ್ಲ ಎಂದು ಪಟ್ಟಿ ಮಾಡಿ. ಮತ್ತೆ ಮತ್ತೆ ಬಂದವೇ ನಮ್ಮ ನಿಜವಾದ ಬಟ್ಟೆಗಳು. ಅವಕ್ಕೆ ಗುಂಡಿ ಹಾಕಿಸುವ, ರಫೂ ಮಾಡಿಸುವ ಖರ್ಚಿಗೆ ಹಿಂದೆಮುಂದೆ ನೋಡಬಾರದು. ಒಮ್ಮೆಯೂ ಪುಟಕ್ಕೆ ಬರದವು ಇನ್ನೊಬ್ಬರ ಮೈಮೇಲೆ ಇರಬೇಕಾದವು. ಅವನ್ನು ಕೊಟ್ಟುಬಿಡುವುದಕ್ಕೆ ಆ ಪಟ್ಟಿಯೇ ಧೈರ್ಯ ಕೊಡುತ್ತದೆ. ಮಾರುಕಟ್ಟೆ ನಮ್ಮ ಬಗ್ಗೆ ನಮಗಿಂತ ಹೆಚ್ಚು ಲೆಕ್ಕ ಇಟ್ಟುಕೊಂಡಿರುವ ಕಾಲ ಇದು. ನಾವು ಏನು ನೋಡಿದೆವು, ಏನು ಕೊಂಡೆವು, ಮುಂದೇನು ಕೊಳ್ಳಬಹುದು ಎಂಬುದೆಲ್ಲ ಅದರ ಕಡತದಲ್ಲಿದೆ. ಅದಕ್ಕೆ ಎದುರಾಗಿ ನಮ್ಮ ಬಳಿಯೂ ನಮ್ಮದೇ ಕೈಬರಹದ ಒಂದು ಕಡತ ಇರುವುದು ಸ್ವಾಭಿಮಾನದ ಕೆಲಸ.

ಇದರಿಂದ ದೊರೆಯುವ ಇನ್ನೂ ದೊಡ್ಡ ಲಾಭ ಬಟ್ಟೆಯ ಆಚೆಗಿದೆ. ಕೊಂಡಿಯನ್ನು ಬರೆದ ಕೈಗೆ ನೇಕಾರರ ಕೂಲಿಯ ಸುದ್ದಿ ಪತ್ರಿಕೆಯ ಮೂಲೆಯ ಸುದ್ದಿಯಾಗಿ ಉಳಿಯುವುದಿಲ್ಲ. ಟಿ-ಶರ್ಟಿನ ಹೊಲಿಗೆಯನ್ನು ಇಂಚಿಂಚಾಗಿ ನೋಡಿದವರು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಸಂಜೆ ಹೊರಬರುವ ಹೆಂಗಸರನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ, ಯಾಕೆಂದರೆ ಆ ನೇರ ಗೆರೆಯ ಹಿಂದೆ ಎಷ್ಟು ಏಕಾಗ್ರತೆ ಇದೆಯೆಂದು ತಮ್ಮ ಸೊಟ್ಟ ಗೆರೆಯಿಂದ ಅವರು ಕಲಿತಿರುತ್ತಾರೆ. ಬೆಲೆ ಚೌಕಾಸಿ ಮಾಡುವಾಗ ನಾಲಿಗೆ ತಡೆಯುತ್ತದೆ. ಹರಿದದ್ದನ್ನು ಎಸೆಯುವ ಮುನ್ನ ಸೂಜಿದಾರ ನೆನಪಾಗುತ್ತದೆ. ದಿನಕ್ಕೆ ಹತ್ತು ನಿಮಿಷದ ಗಮನ ಇಷ್ಟನ್ನು ಕೊಡುವುದಾದರೆ, ಆ ಹತ್ತು ನಿಮಿಷವನ್ನು ಇವತ್ತಿನಿಂದಲೇ ಎತ್ತಿಡಬೇಕು. ಕಲೆ ಬರುವುದಿಲ್ಲ ಎಂಬ ಅಳುಕು ಬೇಡ. ನೋಡಲು ಸಿದ್ಧರಿರುವ ಎಲ್ಲರಿಗೂ ಈ ಪುಸ್ತಕದಲ್ಲಿ ಪುಟವಿದೆ.